ಗಡಿಯಾಚೆ ಹಣದ ಚೀಲ

ದೂರದ ಪ್ರಯಾಣಕ್ಕೆ ಹೊರಡುವಾಗ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಬುತ್ತಿಯ ಮಾತನ್ನೆತ್ತುತ್ತಾರೆ. ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಷ್ಟು, ಎಷ್ಟು ದಿನ ಕೆಡದೆ ಉಳಿದೀತು ಎಂದು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಹಣದ ಮಾತು ಬಂದಾಗ ಮಾತ್ರ ಇಂದಿನ ನಾವೆಲ್ಲರೂ ನಿಶ್ಚಿಂತರು. ಕಿಸೆಯಲ್ಲಿ ಕಾರ್ಡು ಇದೆ, ಕೈಯಲ್ಲಿ ಫೋನು ಇದೆ, ಮತ್ತೇನು ಚಿಂತೆ ಎಂಬ ಧೈರ್ಯ. ಆ ಧೈರ್ಯವು ಗಡಿಯನ್ನು ದಾಟಿದೊಡನೆ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ನಾವು 2024ರ ಅಕ್ಟೋಬರಿನಲ್ಲಿ ಭೂತಾನಕ್ಕೆ ಹೋದಾಗ ಕಂಡುಂಡೆವು. ಓದುಗ ಬಂಧುಗಳಿಗೆ ಅದು ಪ್ರಯೋಜನಕ್ಕೆ ಬಂದೀತೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ನಮ್ಮ ಊರಿನಿಂದ ಹೊರಟವರು ಹನ್ನೊಂದು ಮಂದಿ. ಹತ್ತು ಜನ ದೊಡ್ಡವರು, ಎಂಟು ವರ್ಷದ ಒಬ್ಬ ಬಾಲಕ. ಆ ಬಾಲಕನ ಅಜ್ಜಿ ಎಪ್ಪತ್ತು ದಾಟಿದ ತಾಯಿ. ಹಿಮಾಲಯದ ಮಡಿಲಿನ ವಿಹಾರಗಳನ್ನು ಒಮ್ಮೆ ನೋಡಬೇಕೆಂಬ ಹಂಬಲದಿಂದ ಬಂದವರು. ಹಣದ ಲೆಕ್ಕವನ್ನು ನಿವೃತ್ತ ಮಾಸ್ತರರೊಬ್ಬರಿಗೆ ಒಪ್ಪಿಸಿದ್ದೆವು. ಶಾಲೆಯ ದಫ್ತರವನ್ನು ಮೂವತ್ತು ವರ್ಷ ಒಂದು ಪೈಸೆಯ ವ್ಯತ್ಯಾಸವಿಲ್ಲದೆ ನಡೆಸಿದ ಪ್ರಾಮಾಣಿಕರು ಅವರು.

ಭೂತಾನ ಸಣ್ಣ ರಾಜ್ಯ. ಅದರ ವಿಸ್ತೀರ್ಣ ನಮ್ಮ ಕರ್ನಾಟಕದ ಐದನೆಯ ಒಂದು ಪಾಲು. ಜನಸಂಖ್ಯೆ ಎಂಟು ಲಕ್ಷಕ್ಕೂ ಕಡಿಮೆ. ಅಲ್ಲಿಯ ಮೊದಲ ಬ್ಯಾಂಕು ಸ್ಥಾಪನೆಯಾದದ್ದು 1968ರಲ್ಲಿ. ಸ್ವಂತ ನಾಣ್ಯವಾದ ನ್ಗುಲ್ಟ್ರಮ್ ಬಂದದ್ದು 1974ರಲ್ಲಿ. 'ನ್ಗುಲ್' ಎಂದರೆ ಅವರ ನುಡಿಯಲ್ಲಿ ಬೆಳ್ಳಿ. ಅವರ ಕೇಂದ್ರ ಬ್ಯಾಂಕು 1982ರಲ್ಲಿ ಹುಟ್ಟಿತು. ಒಂದು ನ್ಗುಲ್ಟ್ರಮ್ ಎಂದರೆ ನಮ್ಮ ಒಂದು ರೂಪಾಯಿ. ಈ ಸಮಬೆಲೆಯನ್ನು ಆ ದೇಶ ಬಿಡದೆ ಪಾಲಿಸಿಕೊಂಡು ಬಂದಿದೆ. ಆದ್ದರಿಂದ ನಮ್ಮ ರೂಪಾಯಿ ನೋಟನ್ನೇ ಅಂಗಡಿಯಲ್ಲಿ ಕೊಡಬಹುದು, ಗುಣಿಸುವ ಭಾಗಿಸುವ ತಾಪತ್ರಯವಿಲ್ಲ. ಈ ಸೌಲಭ್ಯವನ್ನು ಕೇಳಿಯೇ ನಮ್ಮ ಮಾಸ್ತರರು, "ಅದು ಪರದೇಶವೇ ಅಲ್ಲ ಬಿಡ್ರಿ, ನೆರೆಮನೆ" ಎಂದು ನಕ್ಕಿದ್ದರು. ನಾವೂ ನಕ್ಕೆವು.

ಮೊದಲು ಖರ್ಚಿನ ಲೆಕ್ಕ. ಪ್ರವಾಸಿಗರಿಂದ ಆ ದೇಶವು ತಂಗುವ ಪ್ರತಿ ರಾತ್ರಿಗೂ ಒಂದು ಶುಲ್ಕವನ್ನು ಪಡೆಯುತ್ತದೆ. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಬಾಗಿಲನ್ನು 2022ರ ಸೆಪ್ಟೆಂಬರ್ 23ರಂದು ತೆರೆದಾಗ ಭಾರತೀಯರಿಗೆ ತಲೆಗೆ ರಾತ್ರಿಯೊಂದಕ್ಕೆ 1200 ರೂಪಾಯಿ ಎಂದು ಗೊತ್ತುಮಾಡಿತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ಆರು ರಾತ್ರಿಗೆ ಹತ್ತು ಜನರದ್ದು 72,000, ಬಾಲಕನದ್ದು 3,600, ಒಟ್ಟು 75,600 ರೂಪಾಯಿ. ಊಟ, ವಸತಿ, ವಾಹನಗಳ ಖರ್ಚು ಇದಕ್ಕೆ ಹೊರತು. ಕುಟುಂಬಸಮೇತ ಹೋಗಬಯಸುವವರು ಮೊದಲು ಈ ಬಾಬತ್ತನ್ನು ಬರೆದಿಟ್ಟು, ಹೊರಡುವ ಮುನ್ನ ಅಂದಿನ ದರವನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳತಕ್ಕದ್ದು. ಪ್ರವೇಶಕ್ಕೆ ಪಾಸ್‌ಪೋರ್ಟು ಅಥವಾ ಮತದಾರರ ಚೀಟಿ ಬೇಕು. ಆಧಾರ್ ಕಾರ್ಡೊಂದನ್ನೇ ನಂಬಿ ಹೋಗಬಾರದು.

ಇನ್ನು ನಡೆದ ಸಂಗತಿ. ಶುಲ್ಕವನ್ನು ಮುಂಚಿತವಾಗಿಯೇ ಕಟ್ಟಿದ್ದಾಗಿತ್ತು. ಕಳ್ಳಕಾಕರ ಭಯದಿಂದ ಮಾಸ್ತರರು ನಗದನ್ನು ಸ್ವಲ್ಪವೇ ಇಟ್ಟುಕೊಂಡು, ಉಳಿದುದನ್ನು ಕಾರ್ಡಿನಿಂದ ತೆಗೆಯೋಣ ಎಂದಿದ್ದರು. ಪಾರೋ, ಪುನಾಖಾಗಳನ್ನು ನೋಡಿಕೊಂಡು ರಾಜಧಾನಿ ಥಿಂಪುವಿಗೆ ಬಂದ ಕೊನೆಯ ಸಂಜೆ ವಸತಿಗೃಹದ ಹಣ ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು 11,400. ವಾಹನದ ಬಾಡಿಗೆಯ ಬಾಕಿ 38,000. ಮಾಸ್ತರರು ಎ.ಟಿ.ಎಂ.ಗೆ ಹೋದರು. ಕಾರ್ಡು ನಡೆಯಲಿಲ್ಲ. ಇನ್ನಿಬ್ಬರ ಕಾರ್ಡುಗಳೂ ನಡೆಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ನಮ್ಮ ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ಹೊರದೇಶದಲ್ಲಿ ನಡೆಯಬೇಕಾದರೆ ಖಾತೆದಾರನೇ ಬ್ಯಾಂಕಿಗೆ ತಿಳಿಸಿ ಆ ಸೌಲಭ್ಯವನ್ನು ತೆರೆಸಿಕೊಳ್ಳಬೇಕು. ಮೋಸಗಾರರಿಂದ ಜನರ ಹಣವನ್ನು ಕಾಯಲೆಂದೇ ಮಾಡಿದ ಒಳ್ಳೆಯ ನಿಯಮವದು. ಭೂತಾನದಲ್ಲಿ ನಮ್ಮ ರುಪೇ ಕಾರ್ಡಿನ ವ್ಯವಸ್ಥೆ 2019ರಲ್ಲಿಯೇ ಆರಂಭವಾಗಿದೆ. ಆದರೆ ಬೀಗ ತೆಗೆಯದ ಪೆಟ್ಟಿಗೆಯಲ್ಲಿ ಬಂಗಾರವಿದ್ದೇನು ಫಲ?

ಫೋನಿನಿಂದಲೇ ಆ ಬೀಗ ತೆಗೆಯಬಹುದಲ್ಲ ಎಂದು ತರುಣನೊಬ್ಬ ಹೇಳಿದ. ವಸತಿಗೃಹದಲ್ಲಿ ವೈಫೈ ಇತ್ತು. ಆದರೆ ಬ್ಯಾಂಕು ಕಳಿಸುವ ಗುಪ್ತಸಂಖ್ಯೆ ಬರಬೇಕಾದದ್ದು ನಮ್ಮ ಊರಿನ ಸಿಮ್ಮಿಗೆ. ಆ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ಗಡಿ ದಾಟಿದ ದಿನದಿಂದ ಅದು ಮೂಕವಾಗಿತ್ತು. ಯುಪಿಐ ಎಂದರೆ ಅದಕ್ಕೂ ಅದೇ ಗತಿ. 2021ರ ಜುಲೈ 13ರಂದು ಭೂತಾನದಲ್ಲಿ ಭೀಮ್ ಯುಪಿಐ ಜಾರಿಗೆ ಬಂತು. ಈ ಪದ್ಧತಿಯನ್ನು ಸ್ವೀಕರಿಸಿದ ನೆರೆಯ ದೇಶಗಳಲ್ಲಿ ಅದೇ ಮೊದಲನೆಯದು. ಆದರೂ ಅಂಗಡಿಗಳಲ್ಲಿ ಅಂಟಿಸಿರುವ ಚೌಕುಳಿ ಚಿತ್ರಗಳಲ್ಲಿ ಬಹಳಷ್ಟು ಅವರದೇ ಬ್ಯಾಂಕುಗಳ ಖಾತೆದಾರರಿಗಾಗಿ ಇರುವಂಥವು. ಎಲ್ಲವೂ ನಮ್ಮ ಫೋನಿಗೆ ಒಲಿಯುವುದಿಲ್ಲ.

ಮೂವತ್ತು ವರ್ಷ ಲೆಕ್ಕ ತಪ್ಪದ ಮಾಸ್ತರರು ಅಂದು ಮಂಚದ ಅಂಚಿಗೆ ಕುಳಿತು, "ಗುರುಗಳೆ, ಪರಊರಿನಲ್ಲಿ ಸಾಲಗಾರನಾಗಿ ನಿಂತೆನಲ್ಲ" ಎಂದು ಕಣ್ಣೊರೆಸಿಕೊಂಡರು. ಏನು ಹೇಳಬೇಕೆಂದು ನಮಗೂ ತೋಚಲಿಲ್ಲ. ತಪ್ಪು ಅವರೊಬ್ಬರದಲ್ಲ. ಒಬ್ಬರ ಹೆಗಲಿಗೆ ಹೊರೆ ಹೊರಿಸಿ ಉಳಿದ ಒಂಬತ್ತು ಜನ ಹಿರಿಯರು ಕೈಬೀಸಿಕೊಂಡು ನಡೆದಿದ್ದೆವು. ಆಗ ಆ ಅಜ್ಜಿ ಒಳಗಿನಿಂದ ಬಂದು ಸೆರಗಿನ ಗಂಟು ಬಿಚ್ಚಿದರು. ಮೊಮ್ಮಗನ ಶಾಲೆಯ ಫೀಗೆಂದು ಕಟ್ಟಿಟ್ಟಿದ್ದ 9,000 ರೂಪಾಯಿ. "ಇದನ್ನು ಮೊದಲು ಕೊಡ್ರಿ ಮಾಸ್ತರ್ರ, ಉಳಿದದ್ದು ನೋಡೋಣ" ಎಂದರು.

ವಾಹನದ ಚಾಲಕ ಸುಮಾರು ಮೂವತ್ತರ ತರುಣ. ನಾವು ಹರಕುಮುರುಕು ಹಿಂದಿಯಲ್ಲಿ ವಿಷಯ ತಿಳಿಸಿದೆವು. ಅವನು ಅಜ್ಜಿಯ ಕೈಯಲ್ಲಿದ್ದ ಹಣವನ್ನು ನೋಡಿ ತಲೆಯಾಡಿಸಿ, ಆ ತಾಯಿಯ ಹಣ ತನಗೆ ಬೇಡವೆಂದ. ನಾಳೆ ತಮ್ಮನ್ನು ಜೈಗಾಂವ್ ತನಕ ಬಿಡುತ್ತೇನೆ, ಅಲ್ಲಿ ನಿಮ್ಮ ದೇಶ, ನಿಮ್ಮ ಕಾರ್ಡು ನಡೆಯುತ್ತದೆ, ಅಲ್ಲಿಯೇ ಕೊಡಿ ಎಂದು ಹೇಳಿ, ಏನೂ ಆಗಿಲ್ಲವೆಂಬಂತೆ ಗಾಡಿ ಒರೆಸಲು ಹೋದ. ಬರೆದುಕೊಟ್ಟ ಪತ್ರವಿಲ್ಲ, ಒತ್ತೆಯಿಲ್ಲ.

ಮರುದಿನ ಐದಾರು ಗಂಟೆ ಬೆಟ್ಟದ ದಾರಿ ಇಳಿದು ಫುಂಟ್ಶೋಲಿಂಗ್ ಗಡಿಯನ್ನು ದಾಟಿ ಪಶ್ಚಿಮ ಬಂಗಾಳದ ಜೈಗಾಂವ್ ಸೇರಿದೆವು. ಮೂವರು ಮೂರು ಕಾರ್ಡುಗಳಿಂದ 26,600 ರೂಪಾಯಿ ತೆಗೆದು, ಮೊದಲಿದ್ದುದಕ್ಕೆ ಕೂಡಿಸಿ ಬಾಕಿಯನ್ನು ತೀರಿಸಿದೆವು. ಮಾಸ್ತರರು ಎರಡು ಸಲ ಎಣಿಸಿ ಕೊಟ್ಟರು. ಅವನು ಎಣಿಸದೆಯೇ ಕಿಸೆಗಿಟ್ಟುಕೊಂಡು ಕೈಮುಗಿದ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಊರಿಗೆ ಬಂದ ವಾರದ ಮೇಲೆ ಆ ಅಜ್ಜಿ ನಮ್ಮ ಮನೆಗೆ ಬಂದರು. ಪಾರೋದ ಅಂಗಡಿಗಳಲ್ಲಿ ತಾವು ಕೊಟ್ಟ ರೂಪಾಯಿಗಳಿಗೆ ಚಿಲ್ಲರೆಯಾಗಿ ಬಂದ 1,350 ನ್ಗುಲ್ಟ್ರಮ್ ಅವರ ಬಳಿ ಉಳಿದಿತ್ತು. ನಮ್ಮ ಬ್ಯಾಂಕಿನವರು ತೆಗೆದುಕೊಳ್ಳಲಿಲ್ಲವಂತೆ. ಸಮಬೆಲೆ ಎಂಬುದು ಗಡಿಯ ಆ ಬದಿಯ ಮಾತು. ನಮ್ಮ ರೂಪಾಯಿ ಅಲ್ಲಿ ನಡೆಯುತ್ತದೆ. ಅವರ ನೋಟು ಜೈಗಾಂವ್‌ನಂಥ ಗಡಿಪೇಟೆಯನ್ನು ಬಿಟ್ಟು ಒಳನಾಡಿನಲ್ಲಿ ನಡೆಯದು. ಇದು ನಮಗೆ ತಿಳಿದಿತ್ತು. ಜೈಗಾಂವ್‌ನಲ್ಲಿ ಅರ್ಧ ದಿನ ಕಳೆದರೂ ಅವರನ್ನು ಕೇಳಲು ಮರೆತಿದ್ದೆವು. ಅವರಿಗೆ ಅಷ್ಟೂ ರೂಪಾಯಿ ಕೊಟ್ಟು ಆ ನೋಟುಗಳನ್ನು ನಾವು ಇಟ್ಟುಕೊಂಡೆವು. ಮುಂದೆ ಯಾರಾದರೂ ಅತ್ತ ಹೊರಟರೆ ನಮ್ಮಲ್ಲಿ ಬಂದು ಒಯ್ಯಬಹುದು.

ಆದಕಾರಣ ಹೊರಡುವವರು ಗಮನಿಸಬೇಕಾದ ಕೆಲವು ಮಾತುಗಳು. ನಗದನ್ನು ಒಬ್ಬರ ಬಳಿ ಇಡದೆ ಮೂರ್ನಾಲ್ಕು ಜನರಲ್ಲಿ ಹಂಚಿಡಬೇಕು. ನೂರು ರೂಪಾಯಿ ಹಾಗೂ ಅದಕ್ಕಿಂತ ಸಣ್ಣ ನೋಟುಗಳನ್ನು ಎಷ್ಟಾದರೂ ಒಯ್ಯಬಹುದು. ಇನ್ನೂರು, ಐನೂರರ ನೋಟುಗಳನ್ನು ತಲೆಗೆ 25,000 ರೂಪಾಯಿಯವರೆಗೆ ಒಯ್ಯಲು ನಮ್ಮ ನಿಯಮ ಅನುಮತಿಸುತ್ತದೆ. ವಿಹಾರದ ಕಾಣಿಕೆಗೆ, ಚಹಾದ ಅಂಗಡಿಗೆ ಸಣ್ಣ ನೋಟುಗಳೇ ಉಪಯುಕ್ತ. ಬ್ಯಾಂಕಿಗೆ ಹೋಗಿ ಕಾರ್ಡಿನ ಹೊರದೇಶದ ಬಳಕೆಯನ್ನು ತೆರೆಸಿ, ಪ್ರತಿ ಸಲಕ್ಕೆ ಎಷ್ಟು ಶುಲ್ಕವೆಂದು ಕೇಳಿಕೊಳ್ಳಬೇಕು. ಒಬ್ಬಿಬ್ಬರಾದರೂ ಸಿಮ್ಮಿಗೆ ರೋಮಿಂಗ್ ಹಾಕಿಸಬೇಕು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿರುವುದರಿಂದ ಬ್ಯಾಂಕಿನ ವೇಳೆ ನೋಡುವಾಗ ಎಚ್ಚರವಿರಲಿ. ಚಿಲ್ಲರೆ ಪಡೆಯುವಾಗ ರೂಪಾಯಿಯಲ್ಲಿ ಕೊಡಿರೆಂದು ವಿನಯದಿಂದ ಕೇಳಬಹುದು, ಹಟ ಮಾಡಬಾರದು. 2012ರಲ್ಲಿ ಆ ದೇಶವು ನಮ್ಮ ರೂಪಾಯಿಯ ತೀವ್ರ ಕೊರತೆಯನ್ನು ಅನುಭವಿಸಿತ್ತು. ನಮ್ಮಿಂದ ಸಾಮಾನು ಕೊಳ್ಳಲು ಅವರಿಗೆ ಅದೇ ಬೇಕು. ಕೊನೆಯ ದಿನ ಪ್ರತಿಯೊಬ್ಬರ ಚೀಲವನ್ನೂ, ಅಜ್ಜಿಯರ ಸೆರಗಿನ ಗಂಟನ್ನೂ ಬಿಚ್ಚಿಸಿ, ಉಳಿದ ನ್ಗುಲ್ಟ್ರಮನ್ನು ಗಡಿಯಲ್ಲಿಯೇ ಖರ್ಚು ಮಾಡಿ ಬರಬೇಕು.

ಮಾಸ್ತರರು ಈಗ ಹೊಸ ದಫ್ತರವೊಂದನ್ನು ತೆರೆದು ಈ ಎಲ್ಲ ಅಂಶಗಳನ್ನೂ ಅಂಕಿ ಹಾಕಿ ಬರೆದಿಟ್ಟಿದ್ದಾರೆ. ಅದರ ಮೊದಲ ಪುಟದಲ್ಲಿ ಆ ಚಾಲಕನ ಹೆಸರಿದೆ. ಬಾಕಿ ಎಂಬ ಕಡೆ ಸೊನ್ನೆ ಬರೆದಿದ್ದಾರೆ. ಸದ್ಭಕ್ತರೇ, ಆ ಸೊನ್ನೆಯನ್ನು ನೋಡಿದಾಗಲೆಲ್ಲ ಅದು ಸರಿಯಾದ ಲೆಕ್ಕವೇ ಎಂದು ನಮಗೆ ಅನುಮಾನವಾಗುತ್ತದೆ. ಕೊಡಬೇಕಾದ ಹಣವನ್ನು ನಾವು ಕೊಟ್ಟೆವು. ಅವನು ಅಂದು ಇಟ್ಟ ನಂಬಿಕೆಯನ್ನು, ನಮ್ಮೂರಿಗೆ ಬಂದು ಕೈ ಸೋತು ನಿಂತ ಯಾವ ಪರದೇಶಿಗನಿಗೆ ಹಿಂದಿರುಗಿಸುವೆವೋ ಅಂದು ಆ ಬಾಬತ್ತು ತೀರುತ್ತದೆ.