ನರದ ಹೊದಿಕೆಯನ್ನು ಹರಿಯುವವರಾರು?

ಇಪ್ಪತ್ತೈದರ ತರುಣಿಗೆ ಒಂದು ಕಣ್ಣು ಮಂಜಾಗುತ್ತದೆ. ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ. ಮನೆಯವರು ಮರೆತಿರುವಾಗ ಕಾಲು ಜೋಮು ಹಿಡಿದು ನಡಿಗೆ ತಡವರಿಸುತ್ತದೆ. 1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೋ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗವು ಹಲವರಲ್ಲಿ ಹೀಗೆಯೇ ತಲೆದೋರುತ್ತದೆ.

ವಿದ್ಯುತ್ ತಂತಿಗೆ ರಬ್ಬರಿನ ಕವಚವಿರುವಂತೆ ಮಿದುಳಿನ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾಪಡೆಯೇ ಅದನ್ನು ಹರಿಯತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಆದರೆ ಬೇಲಿಯನ್ನು ಕೆರಳಿಸಿದವರಾರು?

ಬಹುಕಾಲದಿಂದ ಸಂಶಯವು ವೈರಾಣುಗಳ ಮೇಲಿತ್ತು. ಅವುಗಳಲ್ಲಿ ಮುಖ್ಯವಾದುದು 1964ರಲ್ಲಿ ಲಂಡನ್ನಿನಲ್ಲಿ ಎಪ್ಸ್ಟೈನ್, ಅಚಾಂಗ್ ಮತ್ತು ಬಾರ್ ಕಂಡುಹಿಡಿದ ಎಪ್ಸ್ಟೈನ್–ಬಾರ್ ವೈರಾಣು. ಎಂಜಲಿನ ಮೂಲಕ ಹರಡುವ ಇದು ಒಮ್ಮೆ ಹೊಕ್ಕರೆ ಜೀವಮಾನವಿಡೀ ಅಡಗಿರುತ್ತದೆ. ಆದರೆ ಕೊಳ್ಳೇಗಾಲದ ಮುಳ್ಳೂರಾಗಲಿ, ಲಂಡನ್ ಆಗಲಿ, ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಇದು ನೆಲೆಸಿದೆ. ಎಲ್ಲರ ಮನೆಯಲ್ಲಿರುವವನ ಮೇಲೆ ಕಳವಿನ ಆರೋಪ ಹೊರಿಸುವುದು ಹೇಗೆ?

2022ರಲ್ಲಿ ಹಾರ್ವರ್ಡಿನ ಆಶೆರಿಯೊ ಮತ್ತು ಸಂಗಡಿಗರು ದಾರಿ ಕಂಡರು. ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಮಂದಿಯ ಪೈಕಿ ರೋಗಕ್ಕೆ ತುತ್ತಾದ 801 ಮಂದಿಯ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಲಾಯಿತು. ಒಬ್ಬರನ್ನುಳಿದು ಮಿಕ್ಕೆಲ್ಲರಲ್ಲಿಯೂ ರೋಗಕ್ಕೆ ಮುನ್ನವೇ ವೈರಾಣು ಸೇರಿತ್ತು. ಸೋಂಕಿನ ಬಳಿಕ ರೋಗದ ಸಂಭವ 32 ಮಡಿ ಏರಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ವಿಜ್ಞಾನಿಗಳು, ಕೆಲವು ರೋಗಿಗಳಲ್ಲಿ ಈ ವೈರಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮಿದುಳಿನ ಒಂದು ಪ್ರೋಟೀನನ್ನೂ ಶತ್ರುವೆಂದೇ ಭ್ರಮಿಸುವುದನ್ನು ತೋರಿಸಿದರು.

ಆದರೂ ವೈರಾಣುವೊಂದೇ ಸಾಲದು. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದ ಗಣನೆಯಂತೆ ಲಕ್ಷಕ್ಕೆ ಸುಮಾರು 8 ಮಂದಿಗೆ ಈ ರೋಗವಿದೆ. ಉತ್ತರ ಯೂರೋಪಿನ ಹಲವೆಡೆ ನೂರಕ್ಕೂ ಮಿಕ್ಕು. ವಂಶಗುಣ, ಸೂರ್ಯರಶ್ಮಿಯ ಕೊರತೆ, ಧೂಮಪಾನಗಳೂ ಇದರಲ್ಲಿ ಪಾಲುಗೊಳ್ಳುತ್ತವೆ. ಸೋಂಕು ತಗಲುವ ವಯಸ್ಸೂ ವಿಚಾರಾರ್ಹ: ಶೈಶವದಲ್ಲಿ ಬಂದರೆ ಸಾಮಾನ್ಯವಾಗಿ ಸುಳಿವೇ ಇಲ್ಲ, ಹರೆಯದಲ್ಲಿ ಗ್ರಂಥಿಜ್ವರವಾಗಿ ಕಾಡಿದವರಿಗೆ ಮುಂದೆ ಅಪಾಯ ಹೆಚ್ಚು.

ವೈರಾಣು ಹರಡಿದರೂ ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟುವಂಥದಲ್ಲ; ರೋಗಿಯ ತಟ್ಟೆ ಲೋಟಗಳನ್ನು ಬೇರಿಡಬೇಕಾಗಿಲ್ಲ. ಲಸಿಕೆಯಿನ್ನೂ ಪ್ರಯೋಗಶಾಲೆಯನ್ನು ದಾಟಿ ಮನೆಗೆ ಬಂದಿಲ್ಲವಾದರೂ, ರೋಗ ಮರುಕಳಿಸುವುದನ್ನು ತಗ್ಗಿಸುವ ಔಷಧಗಳಿವೆ. ಮಂಜಾದ ಕಣ್ಣು ತಾನೇ ತಿಳಿಯಾಯಿತೆಂದು ಸುಮ್ಮನಿರದೆ ನರರೋಗತಜ್ಞರನ್ನು ಬೇಗನೆ ಕಾಣುವುದೇ ವಿವೇಕ.