ಜಗತ್ತಿನ ನೂರರಲ್ಲಿ 14 ಜನರಿಗೆ ಲೈಮ್ ಕಾಯಿಲೆ ಇದೆಯೇ? ‘ಪ್ರತಿಕಾಯ’ದ ಲೆಕ್ಕ ಓದುವುದು ಹೀಗೆ

“ಜಗತ್ತಿನ ಪ್ರತಿ ನೂರು ಜನರಲ್ಲಿ 14 ಮಂದಿಗೆ ಲೈಮ್ ಕಾಯಿಲೆ!” ಇಂಥದೊಂದು ಸಾಲು ಫ್ಯಾಮಿಲಿ ಗ್ರೂಪಿಗೆ ಬಂದರೆ ಗಾಬರಿಯಾಗುವುದು ಸಹಜ. ಆ ಸಂಖ್ಯೆ ಯಾರೋ ಹುಟ್ಟಿಸಿದ್ದಲ್ಲ. ಆದರೆ ಅದು ಎಷ್ಟು ಜನರಿಗೆ ಕಾಯಿಲೆ ಇದೆ ಎಂದು ಹೇಳುತ್ತಿಲ್ಲ.

ಸಂಖ್ಯೆ ಬಂದದ್ದು ಎಲ್ಲಿಂದ?

ಲೈಮ್ ಎಂಬುದು ಬೊರೇಲಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಉಣುಗು (ಉಣ್ಣೆ ಹುಳು) ಕಚ್ಚಿದಾಗ ಹರಡುತ್ತದೆ. 1970ರ ದಶಕದಲ್ಲಿ ಅಮೆರಿಕದ ಲೈಮ್ ಎಂಬ ಊರಿನ ಸುತ್ತ ಹಲವು ಮಕ್ಕಳಿಗೆ ಒಟ್ಟಿಗೇ ಕೀಲು ಬಾವು ಬಂದಿತ್ತು. ಹೆಸರು ಬಂದದ್ದು ಹಾಗೆ.

2022ರಲ್ಲಿ ‘ಬಿಎಂಜೆ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇ 14.5ರಷ್ಟು ಜನರ ರಕ್ತದಲ್ಲಿ ಬೊರೇಲಿಯಾ ವಿರುದ್ಧದ ಪ್ರತಿಕಾಯ ಕಂಡಿತ್ತು. ಮಧ್ಯ ಯುರೋಪಿನಲ್ಲಿ ಇದು ಶೇ 20.7. ದಕ್ಷಿಣ ಏಷ್ಯಾದಲ್ಲಿ ತೀರಾ ಕಡಿಮೆ. ಉಣುಗು ಕಚ್ಚಿಸಿಕೊಂಡವರು, ಲೈಮ್‌ನಂಥ ಲಕ್ಷಣ ಇದ್ದವರೂ ಈ ಲೆಕ್ಕದಲ್ಲಿ ಸೇರಿದ್ದರು. ಅವರಲ್ಲಿ ಪ್ರಮಾಣ ಸಾಮಾನ್ಯ ಜನರಿಗಿಂತ ಹೆಚ್ಚಿತ್ತು.

ಪ್ರತಿಕಾಯ ಇದ್ದರೆ ಕಾಯಿಲೆ ಇದ್ದಂತೆಯೇ?

ಇಲ್ಲ. ಗದ್ದೆಯ ಕೆಸರಿನಲ್ಲಿ ಆನೆಯ ಹೆಜ್ಜೆ ಗುರುತು ಕಂಡರೆ ಆನೆ ಬಂದು ಹೋಗಿದೆ ಎಂದಷ್ಟೇ ಅರ್ಥ, ಈಗಲೂ ಅಲ್ಲೇ ನಿಂತಿದೆ ಎಂದಲ್ಲ. ಪ್ರತಿಕಾಯವೂ ಹಾಗೆಯೇ. ಸೋಂಕು ವಾಸಿಯಾದ ಮೇಲೂ ಅದು ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಸೋಂಕು ತಗುಲಿದರೂ ಲಕ್ಷಣವೇ ಕಾಣಿಸದವರೂ ಇರುತ್ತಾರೆ. ಇನ್ನೊಂದೆಡೆ, ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯ ಇನ್ನೂ ಮೂಡಿರದೆ ಪರೀಕ್ಷೆ ನೆಗೆಟಿವ್ ಬರಬಹುದು.

ಪರೀಕ್ಷೆಯೂ ಎಡವುತ್ತದೆ

ಸಿಫಿಲಿಸ್ ಮತ್ತು ಇಲಿ ಜ್ವರದ ರೋಗಾಣುಗಳು ಬೊರೇಲಿಯಾಕ್ಕೆ ದೂರದ ಸಂಬಂಧಿಗಳು. ಅವುಗಳ ಪ್ರತಿಕಾಯವನ್ನೇ ಲೈಮ್ ಪರೀಕ್ಷೆ ತನ್ನದೆಂದು ತಪ್ಪು ತಿಳಿಯಬಹುದು. ಆದ್ದರಿಂದಲೇ ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಇನ್ನೊಂದು ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವ ಕ್ರಮವಿದೆ.

ಒಂದು ಲೆಕ್ಕ ಹಾಕೋಣ. 1,000 ಜನರ ಊರಿನಲ್ಲಿ ನಿಜಕ್ಕೂ ಸೋಂಕು ತಗುಲಿದವರು 10 ಮಂದಿ ಎಂದುಕೊಳ್ಳಿ. ಸೋಂಕಿಲ್ಲದ ನೂರು ಜನರಲ್ಲಿ 5 ಮಂದಿಗೆ ಪರೀಕ್ಷೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎನ್ನಿ. ಉಳಿದ 990 ಜನರಲ್ಲಿ ಸುಮಾರು 50 ಮಂದಿಗೆ ಸುಳ್ಳು ಪಾಸಿಟಿವ್! ನಿಜವಾದ 10 ಮಂದಿಯೂ ಸೇರಿದರೆ ಊರಿನಲ್ಲಿ 60 ಪಾಸಿಟಿವ್; ಅದರಲ್ಲಿ 50 ತಪ್ಪು. ಕಾಯಿಲೆ ಅಪರೂಪವಾದಷ್ಟೂ ಪಾಸಿಟಿವ್‌ಗಳಲ್ಲಿ ತಪ್ಪಿನ ಪಾಲು ಹೆಚ್ಚು.

ನಮಗೇಕೆ ಇದು ಮುಖ್ಯ?

ನಾಗರಹೊಳೆ, ಬಂಡೀಪುರ ಪ್ರದೇಶದಲ್ಲೂ ಇಂಥ ಅಧ್ಯಯನ ನಡೆದಿದ್ದು, ಕೆಲವರಲ್ಲಿ ಲೈಮ್ ಪ್ರತಿಕಾಯ ಕಂಡಿದೆ. ಅಲ್ಲಿ ಇನ್ನಷ್ಟು ಹುಡುಕಬೇಕು ಎಂಬುದಕ್ಕೆ ಅದು ಒಳ್ಳೆಯ ಕಾರಣ. ಆದರೆ ಅಷ್ಟರಿಂದಲೇ ಅಲ್ಲಿಯವರೆಲ್ಲ ರೋಗಿಗಳಾಗುವುದಿಲ್ಲ.

ಮಲೆನಾಡಿನಲ್ಲಿ ಉಣುಗಿನಿಂದ ಬರುವ, ಜೀವಕ್ಕೇ ಕುತ್ತಾಗಬಲ್ಲ ಕಾಯಿಲೆ ಬೇರೆಯೇ ಇದೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಸ್‌ನಿಂದ ಬರುವಂಥದ್ದು. ಲೈಮ್‌ಗೆ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಮಾತ್ರೆ ಅದಕ್ಕೆ ನಾಟುವುದಿಲ್ಲ. ಫಾರ್ವರ್ಡ್ ನಂಬಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾ ಕುಳಿತರೆ ಆಸ್ಪತ್ರೆಗೆ ಹೋಗಬೇಕಾದ ಅಮೂಲ್ಯ ದಿನಗಳು ಕೈತಪ್ಪುತ್ತವೆ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಶೇಕಡಾವಾರು ಪ್ರತಿಕಾಯದ್ದೋ, ರೋಗಿಗಳದ್ದೋ? ಪರೀಕ್ಷಿಸಿದ್ದು ಯಾವ ಊರಿನ, ಯಾವ ಕೆಲಸದ ಜನರನ್ನು? ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿದ್ದಾರೆಯೇ? ಮೆಸೇಜಿನಲ್ಲಿ ಇವಕ್ಕೆ ಉತ್ತರ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.