ರೋಮಿಗೆ ಮತ್ತೊಬ್ಬ ರಾಜಕುಮಾರ ಬೇಕಿತ್ತೇ?

ಕ್ರಿ.ಶ. 195ರಲ್ಲಿ ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ತನಗೊಬ್ಬ ಅಪ್ಪನನ್ನು ಮಾಡಿಕೊಂಡ. ಅದೂ ತೀರಿಹೋಗಿ ಹದಿನೈದು ವರ್ಷವಾಗಿದ್ದ ಮಾರ್ಕಸ್ ಆರೇಲಿಯಸ್‌ನನ್ನು. ಸೆವೆರಸ್ ಹುಟ್ಟಿದ್ದು ಇಂದಿನ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದಲ್ಲಿ, ಸಿಂಹಾಸನ ಏರಿದ್ದು ಸೈನ್ಯದ ಬಲದಿಂದ. ಮಾರ್ಕಸ್‌ನ ಮನೆತನಕ್ಕೂ ಅವನಿಗೂ ರಕ್ತಸಂಬಂಧವೇ ಇರಲಿಲ್ಲ. ಆದರೂ ತಾನು ಮಾರ್ಕಸ್‌ನ ಮಗನೆಂದು ಸಾರಿಕೊಂಡ. ತನ್ನ ಹಿರಿಯ ಮಗನಿಗೂ ಮಾರ್ಕಸ್ ಆರೇಲಿಯಸ್ ಆಂಟೊನೈನಸ್ ಎಂದು ಹೊಸ ಹೆಸರಿಟ್ಟ. ಆ ಹುಡುಗನೇ ಮುಂದೆ ಕ್ಯಾರಕಲ್ಲ ಎಂಬ ಅಡ್ಡಹೆಸರಿನಿಂದ ಕುಖ್ಯಾತನಾದವನು. ಅಂತೂ ಅಪ್ಪ ಸಿಕ್ಕಿದನಲ್ಲ ಎಂದು ಸೆನೆಟ್ ಸದಸ್ಯನೊಬ್ಬ ಚಕ್ರವರ್ತಿಯನ್ನು ಅಭಿನಂದಿಸಿದ ಸಂಗತಿಯನ್ನು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿಟ್ಟಿದ್ದಾನೆ. ಡಿಯೊ ಅದೇ ಸೆನೆಟ್‌ನಲ್ಲಿ ಕುಳಿತು ಇದನ್ನೆಲ್ಲ ಹತ್ತಿರದಿಂದ ಕಂಡವನು.

‘ಗ್ಲಾಡಿಯೇಟರ್ 2’ ಚಿತ್ರದ ಕಥೆ ನಡೆಯುವುದು ಇದೇ ಮನೆತನದ ಆಳ್ವಿಕೆಯಲ್ಲಿ. 2000ದಲ್ಲಿ ಬಂದು ಐದು ಆಸ್ಕರ್ ಗೆದ್ದ ಮೊದಲ ಚಿತ್ರವನ್ನು ನಿರ್ದೇಶಿಸಿದ್ದ ರಿಡ್ಲಿ ಸ್ಕಾಟ್ ಅವರೇ 2024ರ ನವೆಂಬರಿನಲ್ಲಿ ಅದರ ಮುಂದಿನ ಭಾಗವನ್ನು ತೆರೆಗೆ ತಂದರು. ಸೆವೆರಸ್‌ನ ಮಕ್ಕಳಾದ ಕ್ಯಾರಕಲ್ಲ ಮತ್ತು ಗೆಟಾ ಅದರಲ್ಲಿ ಜೋಡಿ ಚಕ್ರವರ್ತಿಗಳು. ವಂಶಾವಳಿಯನ್ನು ಬೇಕಾದಾಗ ಬೇಕಾದಂತೆ ಬರೆಸಿಕೊಳ್ಳುತ್ತಿದ್ದ ಕಾಲವದು. ಅಂಥ ಕಾಲವನ್ನು ಆರಿಸಿಕೊಂಡ ಚಿತ್ರವೇ ‘ನಿಜವಾದ’ ವಾರಸುದಾರನನ್ನು ಹುಡುಕಿ ತರುವ ಕಥೆ ಹೇಳುತ್ತದೆ. ಇತಿಹಾಸವನ್ನು ತಿದ್ದಿದ್ದಕ್ಕೆ ಆಕ್ಷೇಪ ಬೇಡ, ಕಥೆಗಾರನಿಗೆ ಆ ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಇಲ್ಲಿ ತಿದ್ದಿದ ಕಥೆ ನಡೆದ ಕಥೆಗಿಂತ ಸಣ್ಣದಾಗಿದೆ.

ಚಿತ್ರ ಆರಂಭವಾಗುವುದು ಉತ್ತರ ಆಫ್ರಿಕಾದ ನುಮಿಡಿಯಾದಲ್ಲಿ. ಹ್ಯಾನೊ ಎಂಬ ಯುವಕ ಹೆಂಡತಿ ಅರಿಶಾತ್ ಜೊತೆ ಅಲ್ಲಿ ಬದುಕು ಕಟ್ಟಿಕೊಂಡಿದ್ದಾನೆ. ರೋಮನ್ ದಂಡನಾಯಕ ಅಕೇಶಿಯಸ್‌ನ ಹಡಗುಗಳು ಸಮುದ್ರದ ಕಡೆಯಿಂದ ಕೋಟೆಗೆ ಲಗ್ಗೆ ಹಾಕುತ್ತವೆ. ಬಿಲ್ಲು ಹಿಡಿದು ಹೋರಾಡುತ್ತಿದ್ದ ಅರಿಶಾತ್ ಬಾಣಕ್ಕೆ ಬಲಿಯಾಗುತ್ತಾಳೆ. ಸೆರೆಸಿಕ್ಕ ಹ್ಯಾನೊ ಅಖಾಡದಲ್ಲಿ ಹಸಿದ ಬಬೂನ್‌ಗಳೊಂದಿಗೆ ಬರಿಗೈಯಲ್ಲಿ ಸೆಣಸಿ ಬದುಕುಳಿದಾಗ, ಗ್ಲಾಡಿಯೇಟರ್‌ಗಳ ಒಡೆಯ ಮಕ್ರಿನಸ್ ಅವನನ್ನು ಕೊಂಡುಕೊಳ್ಳುತ್ತಾನೆ. ರೋಮಿನ ಕೊಲೊಸಿಯಂಗೆ ಬಂದ ಹುಡುಗನನ್ನು ನೋಡುತ್ತಲೇ ಒಬ್ಬಾಕೆಯ ಎದೆ ಹೊಡೆದುಕೊಳ್ಳುತ್ತದೆ. ಅವಳು ಮಾರ್ಕಸ್ ಆರೇಲಿಯಸ್‌ನ ಮಗಳು ಲುಸಿಲ್ಲಾ, ಈಗ ಅಕೇಶಿಯಸ್‌ನ ಹೆಂಡತಿ. ಹ್ಯಾನೊ ಬೇರಾರೂ ಅಲ್ಲ, ಜೀವ ಉಳಿಸಲೆಂದು ಅವಳು ಬಾಲ್ಯದಲ್ಲೇ ದೂರ ಕಳಿಸಿದ್ದ ಮಗ ಲುಸಿಯಸ್. ಅವನ ತಂದೆ ಮೊದಲ ಚಿತ್ರದ ನಾಯಕ ಮ್ಯಾಕ್ಸಿಮಸ್.

ಅಲ್ಲಿಂದ ಮುಂದಿನದನ್ನು ಮೊದಲ ಚಿತ್ರ ನೋಡಿದವರು ಊಹಿಸಬಲ್ಲರು. ಚಕ್ರವರ್ತಿಗಳನ್ನು ಇಳಿಸುವ ಸಂಚು, ಆಸ್ಟಿಯಾದಲ್ಲಿ ಕಾದಿರುವ ಸೈನ್ಯ, ಸಂಚು ಬಯಲಾಗುವುದು, ಅಖಾಡದಲ್ಲಿ ಸಾವು, ಕೊನೆಗೊಂದು ದ್ವಂದ್ವಯುದ್ಧ. 2000ದ ಚಿತ್ರದಲ್ಲಿ ಮ್ಯಾಕ್ಸಿಮಸ್‌ನ ಸೈನ್ಯ ಕಾದಿದ್ದದ್ದೂ ಆಸ್ಟಿಯಾದಲ್ಲೇ, ಅವನ ಸಂಚು ಮುರಿದದ್ದೂ ಹಾಗೆಯೇ. ಮೆಟ್ಟಿಲುಗಳು ಅವೇ ಆದರೂ ಅವು ಹತ್ತಿಸುವ ದಿಕ್ಕು ತಿರುಗಿದೆ.

ಮೊದಲ ಚಿತ್ರದ ಬೇರು ಎಲ್ಲಿತ್ತು ಎಂಬುದನ್ನು ನೆನೆಯಬೇಕು. ಸಾಯುವ ಹೊತ್ತಿಗೆ ಮಾರ್ಕಸ್ ಆರೇಲಿಯಸ್ ತನ್ನ ಸ್ವಂತ ಮಗ ಕಮೋಡಸ್‌ಗೆ ಸಿಂಹಾಸನ ಕೊಡಲು ಒಪ್ಪುವುದಿಲ್ಲ. ಅಧಿಕಾರವನ್ನು ಮತ್ತೆ ಸೆನೆಟ್‌ಗೆ ಮರಳಿಸಲು ಸ್ಪೇನಿನ ರೈತ, ದಂಡನಾಯಕ ಮ್ಯಾಕ್ಸಿಮಸ್‌ನನ್ನು ನೇಮಿಸುತ್ತಾನೆ. ಕಾರಣ, ಅವನಿಗೆ ಅಧಿಕಾರ ಬೇಕಿರಲಿಲ್ಲ. ಊರಿಗೆ ಹೋಗಿ ಹೆಂಡತಿ ಮಗನನ್ನು ಕಂಡರೆ ಸಾಕಿತ್ತು. ಹುಟ್ಟು ಅರ್ಹತೆಯಲ್ಲ ಎಂದು ಒಬ್ಬ ತಂದೆ ತೀರ್ಮಾನಿಸಿದ ಗಳಿಗೆಯಿಂದ ಆ ಇಡೀ ದುರಂತ ಹೊರಡುತ್ತದೆ. ಎರಡನೇ ಭಾಗದಲ್ಲಿ ಅದೇ ಮಾರ್ಕಸ್‌ನ ಕನಸನ್ನು ನನಸು ಮಾಡಲು ಬರುವವನು ಅವನದೇ ಮೊಮ್ಮಗ, ಜೊತೆಗೆ ಮ್ಯಾಕ್ಸಿಮಸ್‌ನ ಮಗ. ಮ್ಯಾಕ್ಸಿಮಸ್‌ನ ಎದೆಗವಚ ತೊಟ್ಟು ನಿಂತ ಲುಸಿಯಸ್‌ನ ಮಾತಿಗೆ ಎರಡು ಸೈನ್ಯಗಳು ತಲೆಬಾಗುತ್ತವೆ. ರೋಮ್ ಎಲ್ಲರದಾಗಲಿ ಎಂದು ಸಾರುವ ಕಥೆ ಹಾಗೆ ಹೇಳುವ ಹಕ್ಕನ್ನು ಮಾತ್ರ ರಾಜಮನೆತನದ ಕುಡಿಗೇ ಮೀಸಲಿಟ್ಟಿದೆ.

ಕಳೆದುಹೋದ ರಾಜಕುಮಾರನ ಕಥೆಗೆ ದೊಡ್ಡ ಸೆಳೆತವಿದೆ, ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1975ರ ‘ಮಯೂರ’ದಲ್ಲಿ ರಾಜ್‌ಕುಮಾರ್ ಮಾಡಿದ್ದು ಅಂಥದೇ ಪಾತ್ರ. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಯುವಕನಿಗೆ ತಾನು ಕದಂಬರ ರಾಜಪುತ್ರ ಎಂಬುದು ತಿಳಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನ ಹೇಳುವುದು ಬೇರೆಯದನ್ನೇ. ಅದರ ಮಯೂರಶರ್ಮ ಓದಲೆಂದು ಗುರುವಿನೊಂದಿಗೆ ಕಂಚಿಗೆ ಹೋದ ಬ್ರಾಹ್ಮಣ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನದಿಂದ ಕುದಿದು, ದರ್ಭೆ ಹಿಡಿದ ಕೈಗೆ ಕತ್ತಿ ತೆಗೆದುಕೊಂಡವನು. ಹಿಂದೆ ಯಾವ ಸಿಂಹಾಸನವೂ ಇಲ್ಲದೆ ರಾಜ್ಯ ಕಟ್ಟಿದವನು. ಚಿತ್ರದ ಮಯೂರನನ್ನು ನಾಡು ಮನಸಾರೆ ಪ್ರೀತಿಸಿತು, ಇಂದಿಗೂ ಪ್ರೀತಿಸುತ್ತದೆ. ಆದರೂ ಶಾಸನದ ಮಯೂರನ ಸಾಹಸ ಅದಕ್ಕಿಂತ ದೊಡ್ಡದು. ಹಕ್ಕಿದ್ದವನು ಹಕ್ಕು ಕೇಳುವುದಕ್ಕೂ ಏನೂ ಇಲ್ಲದವನು ಎದ್ದು ನಿಲ್ಲುವುದಕ್ಕೂ ಇರುವ ಅಂತರ ಅದು.

‘ಗ್ಲಾಡಿಯೇಟರ್ 2’ರಲ್ಲಿ ಹಾಗೆ ಎದ್ದು ನಿಂತವನು ಒಬ್ಬನಿದ್ದಾನೆ. ಅವನೇ ಮಕ್ರಿನಸ್. ಡೆನ್ಜೆಲ್ ವಾಷಿಂಗ್ಟನ್ ಆ ಪಾತ್ರದಲ್ಲಿ ಕಾಣಿಸಿಕೊಂಡಾಗಲೆಲ್ಲ ತೆರೆಗೆ ಜೀವ ಬರುತ್ತದೆ. ಕಿವಿಯಲ್ಲಿ ಚಿನ್ನ, ಬೆರಳ ತುಂಬ ಉಂಗುರ, ಎದುರಿಗಿರುವವನ ಬೆಲೆಯನ್ನು ಒಂದೇ ನೋಟಕ್ಕೆ ಅಳೆಯುವ ಕಣ್ಣು. ಜೂಜಿನ ಸಾಲದಲ್ಲಿ ಮುಳುಗಿದ ಸೆನೆಟರನ ಜುಟ್ಟು ಹಿಡಿದು ಅವನು ಅರಮನೆಯ ಒಳಗುಟ್ಟುಗಳನ್ನು ಹೊರಗೆಳೆಯುತ್ತಾನೆ. ಅಣ್ಣತಮ್ಮಂದಿರ ನಡುವೆ ವಿಷ ಬಿತ್ತುತ್ತಾನೆ. ಆಮೇಲೆ ಅವನ ಹಿನ್ನೆಲೆ ತೆರೆದುಕೊಳ್ಳುತ್ತದೆ: ಅವನು ಒಂದು ಕಾಲದಲ್ಲಿ ಸಾಕ್ಷಾತ್ ಮಾರ್ಕಸ್ ಆರೇಲಿಯಸ್‌ನ ಗುಲಾಮ. ಮೈಮೇಲೆ ಅದರ ಬರೆಯಿದೆ.

ಚಿತ್ರ ಇಲ್ಲಿ ನಿಂತು ಯೋಚಿಸಬೇಕಿತ್ತು. ಮೊದಲ ಭಾಗದುದ್ದಕ್ಕೂ ‘ರೋಮಿನ ಕನಸು’ ಎಂದು ಕೊಂಡಾಡಿದ್ದು ಈ ಮಾರ್ಕಸ್‌ನ ಕನಸನ್ನೇ. ಆ ತತ್ವಜ್ಞಾನಿ ದೊರೆಯ ಸೊತ್ತಾಗಿದ್ದ ಒಬ್ಬ ಮನುಷ್ಯ ಅದರ ಬಗ್ಗೆ ಏನು ಹೇಳಬಹುದು? ಕನಸು ಕಂಡವನ ಮನೆಯಲ್ಲೇ ಬರೆ ಹಾಕಿಸಿಕೊಂಡವನಿಗೆ ರೋಮ್ ಹೇಗೆ ಕಾಣುತ್ತದೆ? ಎರಡೂವರೆ ಗಂಟೆಯ ಚಿತ್ರದಲ್ಲಿ ಇದಕ್ಕಿಂತ ತೂಕದ ಪ್ರಶ್ನೆ ಮತ್ತೊಂದಿಲ್ಲ. ಕಥೆ ಅದನ್ನು ಮುಟ್ಟಿದಂತೆ ಮಾಡಿ ಕೈ ಎಳೆದುಕೊಳ್ಳುತ್ತದೆ. ಮಕ್ರಿನಸ್ ಕೈಯಿಂದ ಲುಸಿಲ್ಲಾಳ ಕೊಲೆ ಮಾಡಿಸಿ ಅವನನ್ನು ಬರಿಯ ಖಳನನ್ನಾಗಿಸುತ್ತದೆ. ಕೊನೆಗೆ ಮಾರ್ಕಸ್‌ನ ಮೊಮ್ಮಗ ಮಾರ್ಕಸ್‌ನ ಗುಲಾಮನನ್ನು ಹೊಳೆಯಲ್ಲಿ ಕೊಲ್ಲುತ್ತಾನೆ, ಪ್ರೇಕ್ಷಕರು ಚಪ್ಪಾಳೆ ಹೊಡೆಯಬೇಕೆಂದು ಚಿತ್ರ ಬಯಸುತ್ತದೆ. ಲುಸಿಯಸ್‌ನ ಬೆನ್ನಿಗೆ ನಿಂತು ಕಾದಾಡಿದ ಉಳಿದ ಗ್ಲಾಡಿಯೇಟರ್‌ಗಳೂ ಗುಲಾಮರೇ. ಅವರು ಬಿಡುಗಡೆಯಾದರೇ ಎಂಬ ಮಾತನ್ನೇ ಚಿತ್ರ ಎತ್ತುವುದಿಲ್ಲ.

ನಿಜದ ಮಕ್ರಿನಸ್ ಗುಲಾಮನಾಗಿರಲಿಲ್ಲ, ಗ್ಲಾಡಿಯೇಟರ್‌ಗಳ ವ್ಯಾಪಾರಿಯೂ ಅಲ್ಲ. ಆದರೆ ಅವನ ಕಥೆ ಸಿನಿಮಾದವನ ಕಥೆಗಿಂತ ರೋಚಕ. ಇಂದಿನ ಅಲ್ಜೀರಿಯಾದ ಕರಾವಳಿಯ ಸಿಸೇರಿಯಾದಲ್ಲಿ, ಯಾರಿಗೂ ಗೊತ್ತಿಲ್ಲದ ಮನೆಯಲ್ಲಿ ಹುಟ್ಟಿದವನು. ಅಲ್ಲಿನ ಮೂರ್ ಜನರ ಪದ್ಧತಿಯಂತೆ ಅವನ ಒಂದು ಕಿವಿ ಚುಚ್ಚಿತ್ತು ಎಂದು ಡಿಯೊ ಬರೆಯುತ್ತಾನೆ. ಹಾಗೆ ಹುಟ್ಟಿದವನು ಕಾನೂನು ಓದಿ, ನಿಷ್ಠೆಯಿಂದ ಕೆಲಸ ಮಾಡುತ್ತ ಮೇಲೇರಿ ಚಕ್ರವರ್ತಿಯ ಪ್ರಿಟೋರಿಯನ್ ಕಾವಲುಪಡೆಯ ಮುಖ್ಯಸ್ಥನಾದ. ಮುಂದೆ ನಡೆದದ್ದನ್ನು ಹೆರೋಡಿಯನ್ ಎಂಬ ಇತಿಹಾಸಕಾರ ಹೇಳಿದ್ದಾನೆ. ಮಕ್ರಿನಸ್ ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದಾನೆ ಎಂಬ ಎಚ್ಚರಿಕೆಯ ಪತ್ರವೊಂದು ಕ್ಯಾರಕಲ್ಲನಿಗೆ ಬಂತು. ರಥ ಓಡಿಸಲು ಹೊರಟಿದ್ದ ಕ್ಯಾರಕಲ್ಲ ಪತ್ರಗಳ ಕಟ್ಟನ್ನು ಬಿಚ್ಚದೆಯೇ ಓದಿ ಹೇಳು ಎಂದು ಕೊಟ್ಟದ್ದು ಇದೇ ಮಕ್ರಿನಸ್‌ನ ಕೈಗೆ. ತನ್ನ ಮರಣಶಾಸನವಾಗಬಹುದಾಗಿದ್ದ ಕಾಗದವನ್ನು ಅವನು ತಾನೇ ಓದಿದ, ಎತ್ತಿಟ್ಟುಕೊಂಡ. ಆ ಕ್ಷಣದಿಂದ ಇಬ್ಬರಲ್ಲಿ ಒಬ್ಬರೇ ಉಳಿಯುವುದು ಖಚಿತವಾಯಿತು. 217ರ ಏಪ್ರಿಲ್ 8ರಂದು, ಇಂದಿನ ಟರ್ಕಿಯ ಹರಾನ್ ಬಳಿ, ಮೂತ್ರ ಮಾಡಲು ಕುದುರೆಯಿಂದಿಳಿದ ಕ್ಯಾರಕಲ್ಲನನ್ನು ಮಾರ್ಷಿಯಾಲಿಸ್ ಎಂಬ ಸೈನಿಕ ಇರಿದು ಕೊಂದ. ಮೂರು ದಿನಗಳಲ್ಲಿ ಮಕ್ರಿನಸ್ ಚಕ್ರವರ್ತಿಯಾದ. ಸೆನೆಟ್ ಸದಸ್ಯನಾಗದೆಯೇ ಆ ಪಟ್ಟಕ್ಕೇರಿದವರಲ್ಲಿ ಅವನೇ ಮೊದಲಿಗ.

ಕ್ಯಾರಕಲ್ಲನ ವಿಷಯದಲ್ಲಂತೂ ಚಿತ್ರ ಇನ್ನೂ ದೊಡ್ಡ ಅವಕಾಶ ಕಳೆದುಕೊಂಡಿದೆ. ತೆರೆಯ ಮೇಲಿನ ಕ್ಯಾರಕಲ್ಲ ರೋಗ ತಲೆಗೇರಿದ, ಸಾಕಿದ ಕೋತಿಗೆ ಕಾನ್ಸಲ್ ಪದವಿ ಕೊಡುವ ಹುಚ್ಚ. ಇತಿಹಾಸದವನು ಸೈನಿಕರ ಜೊತೆ ಕಾಲ್ನಡಿಗೆಯಲ್ಲಿ ಸಾಗುತ್ತ, ತನ್ನ ಪಾಲಿನ ಧಾನ್ಯ ತಾನೇ ಬೀಸಿ ರೊಟ್ಟಿ ಸುಟ್ಟು ತಿನ್ನುತ್ತಿದ್ದ ಕಠೋರ ಮನುಷ್ಯ. ತಮ್ಮ ಗೆಟಾನನ್ನು ಕೊಲ್ಲಿಸಿದ್ದು 211ರ ಡಿಸೆಂಬರಿನಲ್ಲಿ. ರಾಜಿ ಮಾಡಿಸುತ್ತೇನೆಂದು ತಾಯಿ ಜೂಲಿಯಾ ಡೊಮ್ನಾ ಇಬ್ಬರನ್ನೂ ಕರೆಸಿದ್ದಳು. ಒಳನುಗ್ಗಿದ ಸೈನಿಕರನ್ನು ಕಂಡು ಗೆಟಾ ಅಮ್ಮನ ಕೊರಳಿಗೆ ಜೋತುಬಿದ್ದ, ಅವಳ ಮಡಿಲಲ್ಲೇ ಸತ್ತ. ಅವಳ ಕೈಗೂ ಗಾಯವಾಗಿತ್ತು. ಸತ್ತ ಮಗನಿಗಾಗಿ ಅಳುವುದಕ್ಕೂ ಅವಳಿಗೆ ಅವಕಾಶವಿರಲಿಲ್ಲ. ಗೆಟಾನ ಹೆಸರನ್ನು ಶಾಸನಗಳಿಂದ ಉಳಿಯಲ್ಲಿ ಕೆತ್ತಿ ತೆಗೆಸಲಾಯಿತು. ಬರ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಸೆವೆರಸ್ ಕುಟುಂಬದ ಮರದ ಹಲಗೆಯ ಚಿತ್ರದಲ್ಲಿ ಅಪ್ಪ, ಅಮ್ಮ, ಒಬ್ಬ ಮಗ ಸ್ಪಷ್ಟವಾಗಿದ್ದಾರೆ. ಇನ್ನೊಬ್ಬ ಮಗನ ಮುಖವಿರಬೇಕಾದ ಜಾಗ ಉಜ್ಜಿ ಅಳಿಸಿದ ಬೋಳು ವೃತ್ತ. ಈ ತಾಯಿಯ ಪಾತ್ರವೇ ಸ್ಕಾಟ್ ಅವರ ಚಿತ್ರದಲ್ಲಿಲ್ಲ. ಬದಲಿಗೆ ಬಂದಿರುವ ಲುಸಿಲ್ಲಾ ಇತಿಹಾಸದಲ್ಲಿ 182ರ ಹೊತ್ತಿಗೇ ಕಮೋಡಸ್‌ನಿಂದ ಹತಳಾದವಳು.

ತಮ್ಮನನ್ನು ಕೊಲ್ಲಿಸಿದ ಈ ಕೊಲೆಗಡುಕ ಕ್ಯಾರಕಲ್ಲನೇ ಮರುವರ್ಷ, 212ರಲ್ಲಿ, ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ರೋಮಿನ ಪೌರತ್ವ ಕೊಟ್ಟ. ತೆರಿಗೆ ಕಟ್ಟುವವರ ಸಂಖ್ಯೆ ಹೆಚ್ಚಲಿ ಎಂಬುದೇ ಅವನ ಉದ್ದೇಶ ಎಂದು ಡಿಯೊ ಹೇಳುತ್ತಾನೆ. ಉದ್ದೇಶ ಏನೇ ಇರಲಿ, ಬ್ರಿಟನ್ನಿನ ಕಮ್ಮಾರ, ಸಿರಿಯಾದ ವರ್ತಕ, ಈಜಿಪ್ಟಿನ ರೈತ ರಾತ್ರೋರಾತ್ರಿ ರೋಮನ್ನರಾದರು. ಪೌರತ್ವ ಕೊಟ್ಟ ದೊರೆಯ ಕುಲನಾಮವನ್ನು ಹೊಸ ಪೌರರು ತಮ್ಮ ಹೆಸರಿಗೆ ಸೇರಿಸಿಕೊಳ್ಳುವುದು ರೂಢಿ. ಆ ವರ್ಷದ ನಂತರದ ಈಜಿಪ್ಟಿನ ಪಪೈರಸ್ ಕರಾರುಪತ್ರಗಳನ್ನು ಬಿಡಿಸಿದರೆ ಹೊಲ ಗೇಣಿಗೆ ಪಡೆದವನು ಆರೇಲಿಯಸ್, ಕೊಟ್ಟವನು ಆರೇಲಿಯಸ್. ಸೆವೆರಸ್ ಎರವಲು ತಂದಿದ್ದ ವಂಶದ ಹೆಸರು ಹೀಗೆ ಲಕ್ಷಾಂತರ ಜನರದಾಯಿತು. ರೋಮ್ ಎಲ್ಲರದಾಗಬೇಕು ಎಂಬ ಮಾತನ್ನು ಚಿತ್ರದ ಸಜ್ಜನರು ಭಾಷಣದಲ್ಲಿ ಆಡುತ್ತಾರೆ. ಅದನ್ನು ಕಾನೂನಾಗಿಸಿದ ದುಷ್ಟನನ್ನು ಕೋತಿಯ ಜೊತೆ ಕೂರಿಸಿ ಮುಗಿಸುತ್ತಾರೆ.

ಚಿತ್ರದಲ್ಲಿ ಕೊಲೊಸಿಯಂಗೆ ನೀರು ತುಂಬಿಸಿ ಶಾರ್ಕ್ ಬಿಟ್ಟದ್ದನ್ನು ಹಿಡಿದು ವಿಮರ್ಶಕರು ಬಹಳ ಜಗ್ಗಾಡಿದರು. ಅದು ಅಷ್ಟು ಮುಖ್ಯವಲ್ಲ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೊಸಿಯಂ ಉದ್ಘಾಟಿಸಿದಾಗ ನೀರು ತುಂಬಿಸಿ ಹಡಗು ಕಾಳಗ ಮಾಡಿಸಿದ್ದು ದಾಖಲಾಗಿದೆ, ಶಾರ್ಕ್ ಕಲ್ಪನೆ. ನುಮಿಡಿಯಾ ಚಿತ್ರದ ಕಥೆ ನಡೆಯುವ ಹೊತ್ತಿಗೆ ಎರಡು ಶತಮಾನಕ್ಕೂ ಹೆಚ್ಚು ಕಾಲದಿಂದ ರೋಮಿನ ಕೈಯಲ್ಲೇ ಇತ್ತು. ಇಂಥವು ದೃಶ್ಯಕ್ಕೆ ರಂಗು ತಂದರೆ ಕ್ಷಮಿಸಬಹುದು.

ಚಿತ್ರದ ಪರವಾಗಿ ಹೇಳಬಹುದಾದ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಇತಿಹಾಸದಲ್ಲೂ ಮಕ್ರಿನಸ್ ಸೋತದ್ದು ರಕ್ತದ ಹಕ್ಕಿಗೇ. ಜೂಲಿಯಾ ಡೊಮ್ನಾಳ ಸೋದರಿ ಜೂಲಿಯಾ ಮೇಸಾ, ಸಿರಿಯಾದ ಎಮೆಸಾದಲ್ಲಿ ಸೂರ್ಯದೇವನ ಅರ್ಚಕನಾಗಿದ್ದ ಹದಿನಾಲ್ಕರ ಹರೆಯದ ಮೊಮ್ಮಗನನ್ನು ಕ್ಯಾರಕಲ್ಲನ ಗುಟ್ಟಿನ ಮಗನೆಂದು ಹಬ್ಬಿಸಿದಳು. ಸೈನಿಕರಿಗೆ ಹಣ ಹಂಚಿದಳು. 218ರ ಜೂನಿನಲ್ಲಿ ಆಂಟಿಯೋಕ್ ಬಳಿ ಸೋತ ಮಕ್ರಿನಸ್ ತಲೆ, ಗಡ್ಡ ಬೋಳಿಸಿಕೊಂಡು ವೇಷ ಮರೆಸಿ ಓಡಿದ, ಸಿಕ್ಕಿಬಿದ್ದ, ಸತ್ತ. ಹದಿನಾಲ್ಕು ತಿಂಗಳ ಆಳ್ವಿಕೆಯಲ್ಲಿ ರೋಮ್ ನಗರಕ್ಕೆ ಕಾಲಿಡಲೂ ಅವನಿಗೆ ಆಗಲಿಲ್ಲ. ಆದರೆ ಈ ರಾಜಪುತ್ರನನ್ನು ಅಜ್ಜಿಯೊಬ್ಬಳು ಗಾಳಿಮಾತು ಮತ್ತು ದುಡ್ಡಿನಿಂದ ಹೇಗೆ ತಯಾರಿಸಿದಳು ಎಂಬುದನ್ನು ಹೆರೋಡಿಯನ್ ಬಿಡಿಸಿ ಬರೆದಿದ್ದಾನೆ. ಎಲಾಗಬಾಲಸ್ ಎಂದು ಹೆಸರಾದ ಆ ಹುಡುಗನನ್ನೂ ನಾಲ್ಕೇ ವರ್ಷದಲ್ಲಿ, 222ರಲ್ಲಿ, ಕಾವಲುಪಡೆಯವರೇ ಕೊಂದು ಟೈಬರ್ ನದಿಗೆ ಎಸೆದರು.

ಮೂರನೇ ಭಾಗದ ಯೋಚನೆಯಿದೆ, ‘ಗಾಡ್‌ಫಾದರ್’ ಚಿತ್ರದ ಮೈಕಲ್ ಕಾರ್ಲಿಯೋನಿಯಂತೆ ಬೇಡದ ಹೊಣೆ ಹೆಗಲಿಗೆ ಬಿದ್ದವನಾಗಿ ಲುಸಿಯಸ್ ಮುಂದುವರಿಯಬಹುದು ಎಂದು ಸ್ಕಾಟ್ ಹೇಳಿಕೊಂಡಿದ್ದಾರೆ. ಹಾಗಾದರೆ ಆ ಚಿತ್ರ ಲುಸಿಯಸ್‌ನಿಂದ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಈಗಾಗಲೇ ಸಿದ್ಧವಾಗಿವೆ. ಅಧಿಕಾರವನ್ನು ಸೆನೆಟ್‌ಗೆ ಬಿಟ್ಟುಕೊಡುತ್ತಾನೋ, ತಾತನ ಹೆಸರಿನಲ್ಲಿ ತಾನೇ ಆಳುತ್ತಾನೋ? ತನ್ನ ಜೊತೆ ಅಖಾಡದಲ್ಲಿ ನಿಂತವರ ಕೊರಳ ಪಟ್ಟಿಯನ್ನು ಬಿಚ್ಚಿಸುತ್ತಾನೋ ಇಲ್ಲವೋ? ಮತ್ತು ಮಕ್ರಿನಸ್‌ನಂಥವನು ಇನ್ನೊಬ್ಬ ಅವನ ಎದುರು ಬಂದರೆ, ಈ ಸಲವಾದರೂ ಆ ಮನುಷ್ಯ ತನ್ನ ಮಾತನ್ನು ಪೂರ್ತಿ ಹೇಳಿ ಮುಗಿಸುವವರೆಗೆ ಕತ್ತಿ ಎತ್ತದೆ ಕೇಳಿಸಿಕೊಳ್ಳುತ್ತಾನೋ?